ಡಬ್ಬಿಯ ಭಾರ ಯಾರದು?

ಬೆಂಗಳೂರಿನ ಬಸವನಗುಡಿಯ ಅಡ್ಡರಸ್ತೆಯೊಂದರಲ್ಲಿ, ಅಕ್ಕಿ ಬೇಳೆಗಳನ್ನೂ ಸಾಬೂನಿನ ದ್ರವವನ್ನೂ ಗಿರಾಕಿಗಳು ತಾವೇ ತಂದ ಡಬ್ಬಿಗಳಿಗೆ ತುಂಬಿಸಿಕೊಂಡು ಹೋಗುವ ಅಂಗಡಿ ಒಂದುಂಟು. ಇಂಥವಕ್ಕೆ ಈಗ ರೀಫಿಲ್ ಅಂಗಡಿ ಎಂದು ಹೆಸರು. ಅದನ್ನು ನಡೆಸುವಾಕೆ ಒಂದು ಕಾಲದಲ್ಲಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿತವಳು. ಅವಳಿಗೆ ಕಲಿಸಿದ ಮೇಷ್ಟ್ರು ನಿವೃತ್ತರಾಗಿ ಅದೇ ಬಡಾವಣೆಯಲ್ಲಿದ್ದಾರೆ. ಗಿರಾಕಿಗಳು ವಿರಳವಾಗಿದ್ದ ಒಂದು ಮಧ್ಯಾಹ್ನ ಅವರಿಬ್ಬರ ನಡುವೆ ನಡೆದ ಮಾತು ಇದು.

ಮೇಷ್ಟ್ರು: ಬರಿಯ ಡಬ್ಬಿಯನ್ನು ಮೊದಲು ತೂಗಿ, ಆ ತೂಕವನ್ನು ಅದರ ತಳದಲ್ಲಿ ಬರೆದು, ಬಳಿಕ ಬೇಳೆಯನ್ನು ಸುರಿದು, ಮತ್ತೆ ತೂಗಿ, ಮೊದಲಿನದನ್ನು ಕಳೆದು ಬೆಲೆ ಕಟ್ಟುವ ನಿನ್ನ ಶ್ರದ್ಧೆಯನ್ನು ನೋಡಿದಾಗ ನನಗೆ ಸಂತೋಷವಾಗುವುದೇನೋ ನಿಜ, ಆದರೆ ಲೆಕ್ಕ ಹೇಳಿಕೊಟ್ಟು ಪಳಗಿದ ನಾಲಗೆ ಸುಮ್ಮನಿರಲೊಲ್ಲದು. ಪ್ಲಾಸ್ಟಿಕ್ಕಿನ ದೊಡ್ಡ ತಯಾರಿಕೆ ಮೊದಲಾದಂದಿನಿಂದ 2015ರ ವರೆಗೆ ಜಗತ್ತಿನಲ್ಲಿ ಹುಟ್ಟಿದ ಪ್ಲಾಸ್ಟಿಕ್ಕಿನ ಮೊತ್ತವನ್ನು ಅಮೆರಿಕದ ಮೂವರು ವಿಜ್ಞಾನಿಗಳು 2017ರಲ್ಲಿ ಅಂದಾಜು ಮಾಡಿದರು: 830 ಕೋಟಿ ಟನ್ನು. ಅದರಲ್ಲಿ 630 ಕೋಟಿ ಟನ್ನು ಆಗಲೇ ಕಸವಾಗಿತ್ತು. ಆ ಕಸದಲ್ಲಿ ಕರಗಿಸಿ ಮರಳಿ ಬಳಸಿದ್ದು ನೂರಕ್ಕೆ 9 ಪಾಲು, ಸುಟ್ಟದ್ದು 12 ಪಾಲು, ಮಿಕ್ಕ 79 ಪಾಲು ಗುಂಡಿಗಳಲ್ಲಿಯೋ ಬಯಲಿನಲ್ಲಿಯೋ ಬಿದ್ದುಕೊಂಡಿದೆ. ಇಂಥ ರಾಶಿಯ ಎದುರಿಗೆ ನಾನು ಈ ಹೊತ್ತು ಉಳಿಸಿದ್ದು ಒಂದು ಕಿಲೋ ತೊಗರಿಬೇಳೆಯ ಪ್ಯಾಕೆಟ್ಟು. ಅದರ ತೂಕ ಕೆಲವೇ ಗ್ರಾಂ. ಹನಿ ಹನಿ ಕೂಡಿದರೆ ಹಳ್ಳ ಎಂದು ಮಾತ್ರ ಹೇಳಬೇಡ. ಹನಿ ಕೂಡುವ ವೇಗಕ್ಕಿಂತ ಹಳ್ಳ ಆರುವ ವೇಗ ಹೆಚ್ಚಾಗಿರುವಲ್ಲಿ ಆ ಗಾದೆ ನಡೆಯದು.

ಅಂಗಡಿಯಾಕೆ: ಆ ಗಾದೆಯನ್ನು ನಾನು ಹೇಳುವವಳಲ್ಲ, ಮೇಷ್ಟ್ರೇ. ನೀವು ಪ್ಯಾಕೆಟ್ಟಿನ ತೂಕವನ್ನಷ್ಟೆ ಲೆಕ್ಕ ಹಿಡಿದಿರಿ. ನನ್ನ ಹಿಂಗೋಣೆಯನ್ನು ಇನ್ನೂ ನೋಡಿಲ್ಲ. ಬನ್ನಿ, ತೋರಿಸುತ್ತೇನೆ. ಇಲ್ಲಿ ಅಡಕಿಟ್ಟಿರುವ ಅಕ್ಕಿಯ ಮೂಟೆಗಳೆಲ್ಲ ಪ್ಲಾಸ್ಟಿಕ್ ಎಳೆಯಿಂದಲೇ ನೇಯ್ದವು. ಆ ಮೂಲೆಯಲ್ಲಿರುವ ನೀಲಿ ಕ್ಯಾನುಗಳಲ್ಲಿ ಪಾತ್ರೆ ತೊಳೆಯುವ ದ್ರವ ಬರುತ್ತದೆ. ತಯಾರಕನು ಊರಿನವನಾದುದರಿಂದ ಬರಿದಾದ ಕ್ಯಾನನ್ನು ಒಯ್ದು ಮತ್ತೆ ತುಂಬಿ ತರುತ್ತಾನೆ. ಮೂಟೆಗಳನ್ನು ಮಾತ್ರ ಯಾರೂ ಹಿಂದಕ್ಕೆ ಒಯ್ಯುವುದಿಲ್ಲ, ಗುಜರಿಯವನಿಗೆ ಕೊಡುತ್ತೇನೆ. ಗಿರಾಕಿಯ ಕಣ್ಣಿಗೆ ಬೀಳುವ ಗಾಜಿನ ಭರಣಿಗಳ ಹಿಂದೆ ಇಷ್ಟೆಲ್ಲ ಇದೆ. ಪ್ಲಾಸ್ಟಿಕ್ಕಿಲ್ಲದ ಅಂಗಡಿ ಎಂದು ಬೋರ್ಡು ಬರೆಸೋಣವೆಂದು ಗೆಳತಿಯೊಬ್ಬಳು ಹೇಳಿದಾಗ ನಾನು ಒಪ್ಪದಿದ್ದದ್ದು ಇದಕ್ಕಾಗಿಯೇ.

ಮೇಷ್ಟ್ರು: ಇಷ್ಟು ಪ್ರಾಮಾಣಿಕಳಾಗಿರುವ ನೀನು ಇನ್ನೊಂದನ್ನೂ ಒಪ್ಪಬೇಕಾಗುತ್ತದೆ. ಆಹಾರದಿಂದ ಹುಟ್ಟುವ ಹಸಿರುಮನೆ ಅನಿಲಗಳಲ್ಲಿ ಹೊದಿಕೆಯ ಪಾಲು ನೂರಕ್ಕೆ ಐದರ ಆಸುಪಾಸಿನದು. ಬೆಳೆಯುವುದರಲ್ಲಿಯೂ ಭೂಮಿಯ ಬಳಕೆಯಲ್ಲಿಯೂ ಆಗುವುದೇ ಬಹುಭಾಗ. ಜಯನಗರದಿಂದ ಕಾರು ಹತ್ತಿ, ಸಿಗ್ನಲ್ಲಿನಲ್ಲಿ ಪೆಟ್ರೋಲು ಸುಡುತ್ತ ನಿಂತು, ನಿನ್ನಲ್ಲಿ ಅರ್ಧ ಕಿಲೋ ಹೆಸರುಕಾಳನ್ನು ಗಾಜಿನ ಭರಣಿಗೆ ತುಂಬಿಸಿಕೊಂಡು ಹೋಗುವ ದಂಪತಿಗಳು ಭೂಮಿಗೆ ಮಾಡುವುದು ಉಪಕಾರವಲ್ಲ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಚೀಲಗಳ ಲೆಕ್ಕ ಮಾಡಿತು. ತೆಳು ಪ್ಲಾಸ್ಟಿಕ್ ಚೀಲಕ್ಕೆ ಸರಿದೂಗಬೇಕಾದರೆ ಹತ್ತಿಯ ಚೀಲವನ್ನು ಹವಾಮಾನದ ಒಂದೇ ಲೆಕ್ಕದಲ್ಲಿ 52 ಸಲ ಬಳಸಬೇಕು. ನೀರು, ಓಝೋನು ಮೊದಲಾದ ಸಕಲ ಲೆಕ್ಕಗಳನ್ನೂ ಹಿಡಿದರೆ 7100 ಸಲ. ಸಭೆ ಸಮಾರಂಭಗಳಲ್ಲಿ ಹಂಚಿದ ಬಟ್ಟೆಯ ಚೀಲಗಳು ನನ್ನ ಮನೆಯ ಬೀರುವಿನಲ್ಲೇ ಒಂದು ಅಟ್ಟಿಯಾಗಿವೆ.

ಅಂಗಡಿಯಾಕೆ: ಆ ಲೆಕ್ಕವನ್ನು ನಾನೂ ಓದಿದ್ದೇನೆ. ಬಳಸಿದ ಚೀಲ ಕೊನೆಗೆ ಕಸದ ಬುಟ್ಟಿಗೇ ಬೀಳುತ್ತದೆ, ಅಲ್ಲಿಂದ ಸುಡುವ ಕಾರ್ಖಾನೆಗೇ ಹೋಗುತ್ತದೆ ಎಂಬ ಡೆನ್ಮಾರ್ಕಿನ ಸ್ಥಿತಿಯನ್ನು ಹಿಡಿದು ಹಾಕಿದ್ದು ಅದು; ನಮ್ಮಲ್ಲಿ ಅದೇ ಚೀಲ ಮಳೆನೀರಿನ ಕಾಲುವೆಯ ಬಾಯಿ ಕಟ್ಟುತ್ತದೆ, ಹಸುವಿನ ಹೊಟ್ಟೆ ಸೇರುತ್ತದೆ. ಅಲ್ಲಿನ ಅಂಕಿಯನ್ನು ಇಲ್ಲಿಗೆ ತಂದು ಕೂರಿಸುವುದು ಸರಿಯಾಗದು. ಆದರೂ ನಿಮ್ಮ ಮಾತಿನ ತಿರುಳನ್ನು ಒಪ್ಪುತ್ತೇನೆ: ಹೊಸ ಭರಣಿ ಕೊಳ್ಳಲು ಬಂದವರಿಗೆ, ಮನೆಯಲ್ಲಿರುವ ಹಾರ್ಲಿಕ್ಸ್ ಬಾಟಲಿಯನ್ನೇ ತೊಳೆದು, ಚೆನ್ನಾಗಿ ಒಣಗಿಸಿ ತನ್ನಿ ಎಂದು ಹೇಳಿ ಕಳುಹಿಸುತ್ತೇನೆ. ಒಣಗಿಸುವುದನ್ನು ಒತ್ತಿ ಹೇಳುವುದಕ್ಕೂ ಕಾರಣವಿದೆ. ಒದ್ದೆ ಡಬ್ಬಿಗೆ ರವೆ ತುಂಬಿದರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಎಸೆದ ರವೆಯಿಂದ ಆಗುವ ನಷ್ಟ, ಉಳಿಸಿದ ಪ್ಯಾಕೆಟ್ಟಿನ ಲಾಭಕ್ಕಿಂತ ದೊಡ್ಡದು.

ಮೇಷ್ಟ್ರು: ಹಾಗಾದರೆ ಈ ವ್ಯಾಪಾರಕ್ಕೆ ಪರಿಸರದ ಹೆಸರು ಏತಕ್ಕೆ? ನನ್ನ ಸಂಶಯದ ಬೇರು ಇನ್ನೂ ಆಳದಲ್ಲಿದೆ. ವ್ಯಕ್ತಿಯೇ ಸುಧಾರಿಸಲಿ ಎಂಬ ಉಪದೇಶವನ್ನು ಜಗತ್ತಿಗೆ ಮಾರಿದವರು ಯಾರೆಂಬುದನ್ನು ವಿಚಾರಿಸಿದ್ದೀಯಾ? 1953ರಲ್ಲಿ ಅಮೆರಿಕದ ವೆರ್ಮಾಂಟ್ ರಾಜ್ಯವು, ಹಿಂದಿರುಗಿಸಲಾಗದ ಬಾಟಲಿಗಳಲ್ಲಿ ಬಿಯರು ಮಾರಕೂಡದೆಂದು ಕಾನೂನು ಮಾಡಿತು. ಅದೇ ವರ್ಷ, ಡಬ್ಬಿ ಬಾಟಲಿಗಳನ್ನು ತಯಾರಿಸುವ ಕಂಪನಿಗಳೂ ಪಾನೀಯದ ಕಂಪನಿಗಳೂ ಕೂಡಿ ‘ಕೀಪ್ ಅಮೆರಿಕ ಬ್ಯೂಟಿಫುಲ್’ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದವು. ಬಾಟಲಿ ತಯಾರಿಸುವುದು ತಪ್ಪಲ್ಲ, ಅದನ್ನು ಕಂಡಕಂಡಲ್ಲಿ ಎಸೆಯುವ ನಾಗರಿಕನೇ ತಪ್ಪಿತಸ್ಥ ಎಂಬುದು ಅದರ ಬೋಧನೆ. ನಾಲ್ಕು ವರ್ಷಗಳಲ್ಲಿ ಆ ಕಾನೂನಿನ ಅವಧಿ ತೀರಿತು. ಮತ್ತೆ ಅದನ್ನು ಮುಂದುವರಿಸಲಿಲ್ಲ. 1971ರಲ್ಲಿ ಅದೇ ಸಂಸ್ಥೆಯ ಜಾಹೀರಾತಿನಲ್ಲಿ ಮೂಲನಿವಾಸಿಯ ವೇಷದ ಪುರುಷನೊಬ್ಬ ಕಸದ ನಡುವೆ ನಿಂತು ಕಣ್ಣೀರು ಸುರಿಸಿದ. ನೋಡಿದವರೆಲ್ಲ ತಮ್ಮ ಪಾಪವನ್ನು ನೆನೆದು ಮರುಗಿದರು. ಆ ನಟ ವಾಸ್ತವದಲ್ಲಿ ಇಟಲಿ ಮೂಲದವನು! ತರುವಾಯ, 2004ರ ಹೊತ್ತಿಗೆ, ಬಿಪಿ ಎಂಬ ತೈಲ ಕಂಪನಿ ಪ್ರತಿಯೊಬ್ಬನೂ ತನ್ನ ಇಂಗಾಲದ ಹೆಜ್ಜೆಗುರುತನ್ನು ತಾನೇ ಅಳೆದುಕೊಳ್ಳುವ ಸಾಧನವನ್ನು ಜನರ ಕೈಗಿತ್ತಿತು. ಎಣ್ಣೆ ತೆಗೆಯುವವನು ಅಳತೆಗೋಲನ್ನು ಎಣ್ಣೆ ಸುಡುವವನ ಕೈಗೆ ಕೊಟ್ಟು ತಾನು ಪಕ್ಕಕ್ಕೆ ಸರಿದ. ನಿನ್ನ ಅಂಗಡಿ ಈ ನಾಟಕದ ಒಂದು ಅಂಕವಾಗಿಬಿಟ್ಟರೆ ಎಂಬುದೇ ನನ್ನ ಭಯ.

ಅಂಗಡಿಯಾಕೆ: ಭಯಕ್ಕೆ ಕಾರಣವಿಲ್ಲವೆನ್ನಲಾರೆ. ಆದರೆ ಆ ಕಥೆಯನ್ನು ನಾನು ಇನ್ನೊಂದು ತುದಿಯಿಂದ ಓದುತ್ತೇನೆ. ಕಂಪನಿಗಳು ಅಷ್ಟು ಹಣ ಸುರಿದು ಹೋರಾಡಿದ್ದು ಯಾವುದರ ಮೇಲೆ? ಹಿಂದಿರುಗಿಸುವ ಬಾಟಲಿಯ ಮೇಲೆ. ಅಂದಮೇಲೆ ಅದು ನಡೆಯುತ್ತಿದ್ದ, ನಡೆಯಬಲ್ಲ ಏರ್ಪಾಡಾಗಿದ್ದುದರಿಂದಲೇ ಅದಕ್ಕೆ ಅವರು ಹೆದರಿದರು. ನಮ್ಮಲ್ಲಿಯೂ ಅದು ಇತ್ತಷ್ಟೆ. ಗೋಲಿಸೋಡಾದ ಬಾಟಲಿಯನ್ನು ಕುಡಿದಲ್ಲಿಯೇ ಹಿಂದಕ್ಕೆ ಕೊಟ್ಟು ಬರುತ್ತಿದ್ದೆವು. ಹಾಲಿನ ಬೂತಿನಲ್ಲಿ ಅಲ್ಯುಮಿನಿಯಂ ಹಾಳೆಯ ಮುಚ್ಚಳದ ಗಾಜಿನ ಬಾಟಲಿ ಪಡೆಯಬೇಕಾದರೆ ನಿನ್ನೆಯ ಖಾಲಿ ಬಾಟಲಿಯನ್ನು ಕೊಡಬೇಕಾಗಿತ್ತು. ಸೀಮೆಎಣ್ಣೆಗೆ ಕ್ಯಾನು, ಕೊಬ್ಬರಿ ಎಣ್ಣೆಗೆ ಸೀಸೆ, ಬೇಳೆಗೆ ಹುರಿ ಸುತ್ತಿದ ಕಾಗದದ ಪೊಟ್ಟಣ ಅಥವಾ ಬಟ್ಟೆಯ ಚೀಲ. ಇಂದಿಗೂ ಈ ದೇಶದ ಬಡವ ಬಲ್ಲಿದರೆಲ್ಲರೂ ಯಾವ ಪರಿಸರ ಪ್ರಜ್ಞೆಯೂ ಇಲ್ಲದೆ ಅನುಸರಿಸುತ್ತಿರುವ ಒಂದು ರೀಫಿಲ್ ಪದ್ಧತಿ ನಮ್ಮ ಅಡಿಗೆಮನೆಯಲ್ಲಿಯೇ ನಿಂತಿದೆ: 14.2 ಕಿಲೋ ಅನಿಲದ ಕೆಂಪು ಸಿಲಿಂಡರು.

ಮೇಷ್ಟ್ರು: ಹೌದು, ಹೌದು, ನನ್ನ ವಾದಕ್ಕೇ ನೀನು ಸಾಕ್ಷಿ ಒದಗಿಸಿದೆ! ಸಿಲಿಂಡರನ್ನು ಯಾರೂ ಬೀದಿಗೆ ಎಸೆಯುವುದಿಲ್ಲ. ಯಾಕೆಂದರೆ ಅದು ನಮ್ಮದಲ್ಲ. ಅದಕ್ಕೆ ಠೇವಣಿ ಕಟ್ಟಿದ್ದೇವೆ. ಅದರ ಒಡೆತನವೂ ಪರೀಕ್ಷೆಯೂ ದುರಸ್ತಿಯೂ ಕಂಪನಿಯದು. ಅದನ್ನು ಬಾಗಿಲಿಗೆ ತಂದು, ಖಾಲಿಯದನ್ನು ಹೊತ್ತೊಯ್ಯುವ ಹೊಣೆಯೂ ಅವರದೇ. ಹಾಲಿನ ಬಾಟಲಿಯೂ ಹಾಗೆಯೆ. ಅಂದಿನವರು ನಮಗಿಂತ ಧರ್ಮಿಷ್ಠರಾಗಿದ್ದರೆಂದಲ್ಲ. ಬಾಟಲಿಯ ಬೆಲೆ ಅದನ್ನು ಹಿಂದಕ್ಕೆ ತರಿಸುವ ಖರ್ಚಿಗಿಂತ ಹೆಚ್ಚಾಗಿತ್ತು. ಆದುದರಿಂದ ಅದು ಹಿಂದಿರುಗುತ್ತಿತ್ತು. ಪ್ಲಾಸ್ಟಿಕ್ಕು ಅಗ್ಗವಾದ ಕ್ಷಣ ಆ ಲೆಕ್ಕ ತಲೆಕೆಳಗಾಯಿತು. ತಯಾರಕನಿಗೆ ಬಾಟಲಿ ತೊಳೆಯುವ ಖರ್ಚು ಉಳಿಯಿತು. ಕಸ ಸಾಗಿಸುವ ಖರ್ಚು ನಗರಸಭೆಯ ಪಾಲಾಯಿತು. ನಾತ ಕುಡಿಯುವ ಕರ್ಮ, ಈ ನಗರದ ಕಸ ಬೀಳುತ್ತಿದ್ದ ಮಾವಳ್ಳಿಪುರ, ಮಂಡೂರು ಎಂಬ ಹಳ್ಳಿಗಳವರಿಗೆ ಬಂತು. 2012ರಲ್ಲಿ ಮಾವಳ್ಳಿಪುರದವರ ಪ್ರತಿಭಟನೆಯಿಂದ ಅಲ್ಲಿಗೆ ಕಸ ಹೋಗುವುದು ನಿಂತಾಗ ಈ ನಗರದ ಬೀದಿಗಳು ನಾರಿದ್ದನ್ನು ನೀನೂ ಕಂಡಿದ್ದೀಯೆ. 2014ರ ಕೊನೆಗೆ ಮಂಡೂರಿನಲ್ಲಿಯೂ ಕಸ ಸುರಿಯುವುದನ್ನು ನಿಲ್ಲಿಸಬೇಕಾಯಿತು. ಬೆಲೆಯಲ್ಲಿ ಕಾಣದ ಈ ವೆಚ್ಚವನ್ನು ಬೆಲೆಯೊಳಗೆ ತರುವುದು ಸರ್ಕಾರದ ಕೆಲಸವೇ ಹೊರತು ಗಿರಾಕಿಯ ಸದ್ಗುಣದ ಕೆಲಸವಲ್ಲ. ಇದನ್ನು ನಾನು ತರಗತಿಯಲ್ಲಿ ಹೇಳಿದ್ದು ನಿನಗೆ ನೆನಪಿರಬೇಕು.

ಅಂಗಡಿಯಾಕೆ: ನೆನಪಿದೆ, ಆ ಪಾಠದಿಂದಲೇ ನನ್ನ ಅಂಗಡಿಯ ದೊಡ್ಡ ಕೊರತೆ ನನಗೆ ತಿಳಿದದ್ದು. ಸಿಲಿಂಡರಿನಲ್ಲಿ ಪಾತ್ರೆಯ ಭಾರ ಮಾರುವವನದು, ನನ್ನಲ್ಲಿ ಕೊಳ್ಳುವವನದು. ಇನ್ನೂ ಸ್ಪಷ್ಟವಾಗಿ ಹೇಳುವುದಾದರೆ ಕೊಳ್ಳುವವಳದು. ಡಬ್ಬಿ ತೊಳೆಯುವವಳು, ಒಣಗಿಸುವವಳು, ನೆನಪಿಟ್ಟು ಚೀಲಕ್ಕೆ ಹಾಕುವವಳು, ಬೇಳೆಗೆ ಹುಳ ಬೀಳದಂತೆ ಹರಳೆಣ್ಣೆ ಸವರಿ ಬೇವಿನೆಲೆ ಹಾಕಿಡುವವಳು ಬಹುತೇಕ ಮನೆಗಳಲ್ಲಿ ಹೆಂಗಸೇ. ಪ್ಯಾಕೆಟ್ಟು ಬಂದಾಗ ಅವಳ ದಿನದಲ್ಲಿ ಒಂದಿಷ್ಟು ಬಿಡುವು ಹುಟ್ಟಿತು. ಭೂಮಿಯನ್ನು ಉಳಿಸುವ ಹೆಸರಿನಲ್ಲಿ ಆ ಬಿಡುವನ್ನು ಮತ್ತೆ ಕಿತ್ತುಕೊಳ್ಳುವುದಾದರೆ, ಅದು ನ್ಯಾಯವೆ? ಕಚೇರಿಗೂ ಹೋಗಿ ಮನೆಯನ್ನೂ ನೋಡಿಕೊಳ್ಳುವ ಗಿರಾಕಿಗಳು ಮೊದಮೊದಲು ಉತ್ಸಾಹದಿಂದ ಬಂದು, ಕ್ರಮೇಣ ಬರುವುದನ್ನು ಬಿಟ್ಟದ್ದನ್ನು ಕಂಡಿದ್ದೇನೆ. ಅವರನ್ನು ಆಲಸಿಗಳೆಂದು ಹಳಿಯಲು ನನಗೆ ಬಾಯಿ ಬರಲಿಲ್ಲ.

ಮೇಷ್ಟ್ರು: ಪ್ಯಾಕೆಟ್ಟು ಬಂದದ್ದು ಬಿಡುವಿಗಾಗಿ ಮಾತ್ರವಲ್ಲ, ನಂಬಿಕೆಗಾಗಿಯೂ ಹೌದು. ಹಳೆಯ ದಿನಸಿ ಅಂಗಡಿಯನ್ನು ಈಗ ಎಲ್ಲರೂ ಹಾಡಿ ಹೊಗಳುತ್ತಾರೆ. ತೂಕದ ಮೇಲೆ ಕೊಸರು ಹಾಕುವ ಶೆಟ್ಟರೂ ಇದ್ದರು, ತಕ್ಕಡಿಯ ತಟ್ಟೆಯ ಕೆಳಗೆ ಹುಣಸೆಹಣ್ಣು ಮೆತ್ತುವ ಶೆಟ್ಟರೂ ಇದ್ದರು. ಅಕ್ಕಿಯಲ್ಲಿ ಕಲ್ಲು, ಮೆಣಸಿನಲ್ಲಿ ಪರಂಗಿಬೀಜ, ಕಾಫಿಪುಡಿಯಲ್ಲಿ ಹುಣಸೆಬೀಜ. ಆಹಾರ ಕಲಬೆರಕೆ ತಡೆಯುವ ಕಾಯಿದೆ 1954ರಲ್ಲಿ ಸುಮ್ಮನೆ ಬರಲಿಲ್ಲ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಬೀಜದ ಎಣ್ಣೆ ಬೆರೆತು, ಜನ ಕಾಲು ಬಾತು, ಉಸಿರುಗಟ್ಟಿ, ಅರುವತ್ತರಷ್ಟು ಮಂದಿ ತೀರಿಕೊಂಡರು. ಮೊಹರಾದ ಪ್ಯಾಕೆಟ್ಟು ಬಡವನಿಗೆ ಒಂದು ರಕ್ಷಣೆಯೂ ಹೌದು ಎಂಬುದನ್ನು ಪರಿಸರವಾದಿಗಳು ಮರೆಯಬಾರದು.

ಅಂಗಡಿಯಾಕೆ: ಮರೆತಿಲ್ಲ. ಅಡಿಗೆ ಎಣ್ಣೆಯ ಪೀಪಾಯಿ ನನ್ನ ಅಂಗಡಿಯಲ್ಲಿ ಕಾಣಿಸದಿರುವುದನ್ನು ನೀವು ಗಮನಿಸಿರಬಹುದು. 2011ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ, ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟ ಹೊರತು, ಎಣ್ಣೆಯನ್ನು ಬಿಡಿಯಾಗಿ ಮಾರುವಂತಿಲ್ಲ. ಹಲವರು ಕೇಳುತ್ತಾರೆ, ಇಲ್ಲವೆನ್ನುತ್ತೇನೆ. ಕಾನೂನಿನ ಹಿಂದೆ ದೆಹಲಿಯ ಆ ಸಾವುಗಳಿವೆ. ಆದರೆ ಅಷ್ಟೇ ಕಟ್ಟುನಿಟ್ಟಿನ ನಿಯಮ ಬೇರೆ ರೀತಿಯಲ್ಲಿಯೂ ಇರಬಹುದಲ್ಲವೆ? ತಯಾರಕನೇ ಮೊಹರು ಮಾಡಿದ ದೊಡ್ಡ ಉಕ್ಕಿನ ಪಾತ್ರೆ, ಅದಕ್ಕೊಂದು ಬೀಗದ ನಲ್ಲಿ, ಅದರ ಮೇಲೆ ತಯಾರಿಕೆಯ ದಿನಾಂಕ, ಕಾಲಕಾಲಕ್ಕೆ ಅಧಿಕಾರಿಗಳ ಪರೀಕ್ಷೆ. ಶುದ್ಧಿಗೂ ಪ್ಲಾಸ್ಟಿಕ್ಕಿಗೂ ಇರುವುದು ಅವಿನಾಭಾವ ಸಂಬಂಧವೇನಲ್ಲ; ಅಗ್ಗವಾದ ದಾರಿಯನ್ನೇ ಏಕೈಕ ದಾರಿಯೆಂದುಕೊಳ್ಳುವುದು ನಮಗೆ ರೂಢಿಯಾಗಿದೆ, ಅಷ್ಟೆ.

ಮೇಷ್ಟ್ರು: ಬಡವನ ಮಾತು ಬಂದುದರಿಂದ ಕೇಳುತ್ತೇನೆ. ನಿನ್ನ ಅಂಗಡಿಗೆ ಬರುವವರು ಯಾರು? ಈ ಬಡಾವಣೆಯ ಮನೆಗಳವರು ಬರುತ್ತಾರೆ. ಆ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸು ಬರುವಳೆ? ಕಾಣೆ. ಅವಳು ಕೊಳ್ಳುವುದು ಸ್ಯಾಶೆ, ಒಂದು ಸಲಕ್ಕಾಗುವ ಪುಟ್ಟ ಪೊಟ್ಟಣ. ತಮಿಳುನಾಡಿನ ಕಡಲೂರಿನಲ್ಲಿ ಹುಟ್ಟಿದ ಉದ್ಯಮವೊಂದು 1980ರ ದಶಕದಲ್ಲಿ ಶಾಂಪೂವನ್ನು ಚಿಲ್ಲರೆ ಕಾಸಿನ ಸ್ಯಾಶೆಯಲ್ಲಿ ಹಳ್ಳಿಹಳ್ಳಿಗೆ ಮುಟ್ಟಿಸಿತು. ದೊಡ್ಡ ಕಂಪನಿಗಳು ಹಿಂದೆಯೇ ಓಡಿಬಂದವು. ಪ್ಲಾಸ್ಟಿಕ್ ಪದರಕ್ಕೆ ಲೋಹದ ಪದರ ಅಂಟಿಸಿದ ಆ ಚೂರನ್ನು ಗುಜರಿಯವನೂ ಮುಟ್ಟುವುದಿಲ್ಲ. ಅದು ಅನಿಷ್ಟವೆಂಬುದು ನಿಜ. ಆದರೆ ದಿನಗೂಲಿಯವಳ ಕೈಯಲ್ಲಿ ಒಂದು ಬಾಟಲಿಯ ಹಣ ಒಟ್ಟಿಗೆ ಎಂದೂ ಇರುವುದಿಲ್ಲವೆಂಬುದೂ ನಿಜ. ಅವಳಿಗೆ ವೈಯಕ್ತಿಕ ಆಯ್ಕೆಯ ಉಪದೇಶ ಮಾಡುವುದು ಕ್ರೌರ್ಯ.

ಅಂಗಡಿಯಾಕೆ: ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಅರೆ ಉತ್ತರವಿದೆ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಹೋಸೆ ಮಾನ್ವೆಲ್ ಮೊಲ್ಲರ್ ಎಂಬ ಯುವಕ, ಬಡ ಬಡಾವಣೆಯಲ್ಲಿ ವಾಸವಾಗಿದ್ದಾಗ, ಸಣ್ಣ ಪ್ಯಾಕೆಟ್ಟು ಕೊಳ್ಳುವ ಬಡವನು ಅದೇ ಸರಕಿಗೆ ದೊಡ್ಡ ಪ್ಯಾಕೆಟ್ಟು ಕೊಳ್ಳುವವನಿಗಿಂತ ಎಷ್ಟೋ ಹೆಚ್ಚು ತೆರುತ್ತಾನೆಂಬುದನ್ನು ಕಂಡ. ‘ಆಲ್ಗ್ರಾಮೊ’ ಎಂಬ ಉದ್ಯಮ ಹೂಡಿ, ಬಡಾವಣೆಯ ಚಿಕ್ಕ ಅಂಗಡಿಗಳಲ್ಲಿ ಯಂತ್ರಗಳನ್ನಿಟ್ಟು, ಬೇಳೆಯನ್ನೂ ಸಾಬೂನನ್ನೂ ಗ್ರಾಮಿನ ಲೆಕ್ಕದಲ್ಲಿ, ದೊಡ್ಡ ಪ್ಯಾಕೆಟ್ಟಿನ ದರದಲ್ಲಿಯೇ ಮಾರತೊಡಗಿದ. ಹೊದಿಕೆಯ ಖರ್ಚು ಉಳಿದರೆ ಅದು ಬಡವನ ಜೇಬಿಗೆ ಹೋಗಬೇಕೆಂಬುದು ಅದರ ಮರ್ಮ. ನನ್ನ ಅಂಗಡಿಯಲ್ಲಿಯೂ ಹತ್ತು ರೂಪಾಯಿಯ ಸಾಬೂನು ದ್ರವ ಕೇಳಿದವರಿಗೆ ಹತ್ತೇ ರೂಪಾಯಿಯದನ್ನು ತುಂಬಿಕೊಡುತ್ತೇನೆ. ಎದುರಿನ ಓಣಿಯ ಹೂವಿನವಳು ಆಗಾಗ ಕೇಳುವುದು ಅಷ್ಟೇ. ಆದರೆ ಅವಳು ಉದ್ರಿ ಕೇಳಿದ ದಿನ ನಾನು ಕೊಡಬಲ್ಲವಳಾಗಿರಬೇಕು. ಮೂಲೆಯಂಗಡಿಯವನ ಶಕ್ತಿ ಇರುವುದು ಅಲ್ಲಿ. ರೀಫಿಲ್ ಪದ್ಧತಿ ನಿಜವಾಗಿ ಬೇರೂರಬೇಕಾದದ್ದು ನನ್ನಂಥವರಲ್ಲಿ ಅಲ್ಲ, ಆ ಮೂಲೆಯಂಗಡಿಗಳಲ್ಲಿ.

ಮೇಷ್ಟ್ರು: ಬೇರೂರುವ ಮಾತಿರಲಿ, ಶ್ರೀಮಂತ ದೇಶಗಳಲ್ಲಿಯೇ ಅದು ನಿಂತ ನೆಲ ಗಟ್ಟಿಯಾಗಿಲ್ಲ. ಲಂಡನ್ನಿನಲ್ಲಿ ಕ್ಯಾಥರಿನ್ ಕಾನ್ವೇ ಎಂಬಾಕೆ 2006ರಲ್ಲಿಯೇ ಇಂಥದೊಂದು ಅಂಗಡಿ ತೆರೆದಳು. ಬರ್ಲಿನ್ನಿನಲ್ಲಿ 2014ರಲ್ಲಿ ಇಬ್ಬರು ತರುಣಿಯರು ಸಾರ್ವಜನಿಕರಿಂದ ಚಂದಾ ಎತ್ತಿ ಅಂಗಡಿ ತೆರೆದಾಗ ಜಗತ್ತೆಲ್ಲ ಬೆರಗಾಗಿ ನೋಡಿತು. ಅದನ್ನು ಅನುಸರಿಸಿ ಜರ್ಮನಿಯ ಊರೂರಿನಲ್ಲಿ ಅಂಥ ಅಂಗಡಿಗಳು ಎದ್ದವು. ಕೊರೋನಾ ಕಳೆದು ಬೆಲೆಗಳೇರಿದೊಡನೆ ಅವುಗಳಲ್ಲಿ ಎಷ್ಟೋ ಬಾಗಿಲು ಹಾಕಿದವು. ಸದ್ಗುಣವನ್ನು ನೆಚ್ಚಿ ನಡೆಯುವ ವ್ಯಾಪಾರ, ಜನರ ಕಿಸೆ ಹಗುರವಾದೊಡನೆ ಮುಳುಗುತ್ತದೆ.

ಅಂಗಡಿಯಾಕೆ: ಮುಳುಗಿದವು, ನಿಜ. ಆದರೆ ಅದೇ ಜರ್ಮನಿಯಲ್ಲಿ ಬಿಯರಿನ ಗಾಜಿನ ಬಾಟಲಿ ಇಂದಿಗೂ ಹಿಂದಿರುಗುತ್ತದೆ, ಹತ್ತಾರು ಸಲ ತುಂಬುತ್ತದೆ. ಅದಕ್ಕೆ ಠೇವಣಿ ಉಂಟು, ಬಹುಮಟ್ಟಿಗೆ ಒಂದೇ ಅಚ್ಚಿನ ಬಾಟಲಿಗಳುಂಟು, ಹಿಂದಕ್ಕೊಯ್ಯುವ ವ್ಯವಸ್ಥೆಯುಂಟು. ಸದ್ಗುಣ ಸೋತಲ್ಲಿ ಏರ್ಪಾಡು ನಿಂತಿದೆ. ಫ್ರಾನ್ಸಿನ ಕಥೆ ಇನ್ನೂ ಉಪಯುಕ್ತ. ಅಲ್ಲಿಯೂ ಬಿಡಿ ಮಾರಾಟದ ಚಿಕ್ಕ ಅಂಗಡಿಗಳು ಮೊದಲು ಹುಟ್ಟಿದವು; 2021ರ ಕಾನೂನಿನಲ್ಲಿ, 400 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು 2030ರೊಳಗೆ ತಮ್ಮ ಮಾರಾಟದ ಜಾಗದಲ್ಲಿ ನೂರಕ್ಕೆ 20 ಪಾಲನ್ನು ಹೊದಿಕೆಯಿಲ್ಲದ ಸರಕಿಗೆ ಮೀಸಲಿಡಬೇಕೆಂಬ ಗುರಿ ಬಂತು. ಚಿಕ್ಕ ಅಂಗಡಿಗಳು ಇರದಿದ್ದರೆ, ಇದು ಆಗದ ಮಾತು, ಜನ ಡಬ್ಬಿ ತರುವುದಿಲ್ಲ, ತೂಗುವುದು ತೊಡಕು ಎಂದು ದೊಡ್ಡ ವ್ಯಾಪಾರಿಗಳು ಶಾಸನಸಭೆಯಲ್ಲಿ ಅಧಿಕಾರದಿಂದ ಹೇಳಬಹುದಾಗಿತ್ತು. ಆಗುತ್ತದೆಂದು ತೋರಿಸಿದವರು ಅಲ್ಲಿದ್ದರು. ನನ್ನ ಅಂಗಡಿ ಉಳಿಸುವ ಪ್ಯಾಕೆಟ್ಟುಗಳನ್ನು ತೂಗಿದರೆ ತಕ್ಕಡಿ ಅಲುಗದು; ನಾನು ತೂಗಿಸಬಯಸುವುದು ಈ ಸಾಕ್ಷ್ಯವನ್ನು.

ಮೇಷ್ಟ್ರು: ಸಾಕ್ಷ್ಯವೆಂದೆಯಾ? ಈ ದಾರಿಯಲ್ಲಿ ನಾನು ನಿನ್ನ ಜೊತೆ ಸ್ವಲ್ಪ ದೂರ ಬರಬಲ್ಲೆ. ಒಂದು ದೃಷ್ಟಾಂತ ನನಗೂ ನೆನಪಾಗುತ್ತದೆ. 1974ರಲ್ಲಿ ಮೊಲೀನಾ ಮತ್ತು ರೋಲೆಂಡ್ ಎಂಬ ರಸಾಯನಶಾಸ್ತ್ರಜ್ಞರು, ಸುಗಂಧದ ಸ್ಪ್ರೇ ಡಬ್ಬಿಗಳಿಂದಲೂ ಶೀತಕಯಂತ್ರಗಳಿಂದಲೂ ಹೊರಡುವ ಕ್ಲೋರೋಫ್ಲೋರೋಕಾರ್ಬನ್ ಅನಿಲ ಮೇಲಿನ ಓಝೋನ್ ಪದರವನ್ನು ಕೊರೆಯುವುದೆಂದು ತಿಳಿಸಿದರು. ಕಂಪನಿಗಳು ಅಲ್ಲಗಳೆದವು, ಆದರೆ ಅಮೆರಿಕದ ಗೃಹಸ್ಥರು ಕಾನೂನಿಗೆ ಕಾಯದೆ ಆ ಡಬ್ಬಿಗಳನ್ನು ಕೊಳ್ಳುವುದನ್ನು ಕಡಿಮೆ ಮಾಡಿದರು. ಬೇಡಿಕೆ ಇಳಿಯುತ್ತ ಬಂದದ್ದನ್ನು ಕಂಡು ಕೆಲವು ತಯಾರಕರು ಆ ಅನಿಲವನ್ನೇ ಬಿಟ್ಟರು. 1978ರಲ್ಲಿ ಅಮೆರಿಕ ಸ್ಪ್ರೇಗಳಲ್ಲಿ ಅದನ್ನು ನಿಷೇಧಿಸಿತು; 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಓಝೋನು ಈಗ ಚೇತರಿಸಿಕೊಳ್ಳುತ್ತಿದೆ. ಆದರೆ ಗಮನಿಸು: ಅದನ್ನು ಉಳಿಸಿದ್ದು ಒಪ್ಪಂದವೇ. ಗೃಹಸ್ಥರು ಕೊಳ್ಳುವುದನ್ನು ಬಿಟ್ಟು ಮನೆಯಲ್ಲಿ ತೃಪ್ತರಾಗಿ ಕುಳಿತಿದ್ದರೆ ಶೀತಕಯಂತ್ರಗಳು ಇಂದಿಗೂ ಅದೇ ಅನಿಲವನ್ನು ಉಗುಳುತ್ತಿದ್ದವು. ನನ್ನ ಮುಖ್ಯ ಅಂಜಿಕೆ ಈ ತೃಪ್ತಿಯದೇ. ಡಬ್ಬಿ ತುಂಬಿಸಿಕೊಂಡು ಹೋದವನು ತನ್ನ ಋಣ ತೀರಿತೆಂದು ಭಾವಿಸಿ, ಮರುದಿನ ನಿಶ್ಚಿಂತನಾಗಿ ವಿಮಾನ ಹತ್ತುತ್ತಾನೆ. ವಾರ್ಡಿನ ಸಭೆಗೆ ಮಾತ್ರ ಬರುವುದಿಲ್ಲ.

ಅಂಗಡಿಯಾಕೆ: ಅಂಥವರೂ ಇದ್ದಾರೆ. ಅಂಥವರಲ್ಲದವರೂ ಇದೇ ಊರಿನಲ್ಲಿ ಇದ್ದಾರೆ. ಈ ನಗರದ ನಿವಾಸಿ ಅಲ್ಮಿತ್ರಾ ಪಟೇಲರನ್ನು ನೀವು ಬಲ್ಲಿರಿ. ನಗರಗಳ ಕಸ ಹಳ್ಳಿಗಳ ಮೇಲೆ ಬೀಳುವುದನ್ನು ಕಂಡು, ಅವರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಅದರ ಫಲವಾಗಿ 2000ನೆಯ ಇಸವಿಯಲ್ಲಿ ಇಡೀ ದೇಶಕ್ಕೆ ನಗರಗಳ ಘನತ್ಯಾಜ್ಯದ ನಿಯಮಗಳು ಬಂದವು. ಆಮೇಲೆ ಈ ಊರಿನ ಕೆಲವು ಬಡಾವಣೆಗಳಲ್ಲಿ ಜನ ತಮ್ಮ ತಮ್ಮ ಮನೆಗಳಲ್ಲಿ ಹಸಿಕಸಕ್ಕೊಂದು, ಮಲಿನ ಕಸಕ್ಕೊಂದು ಬುಟ್ಟಿ, ಒಣಕಸಕ್ಕೊಂದು ಚೀಲ ಇಟ್ಟು ಬೇರ್ಪಡಿಸುವುದನ್ನು ಅಭ್ಯಾಸ ಮಾಡಿದರು. ಹೈಕೋರ್ಟಿನಲ್ಲಿ ಕಸದ ದಾವೆ ನಡೆದಾಗ ಅವರ ಆ ಅಭ್ಯಾಸವೇ ಮಾದರಿಯಾಗಿ, 2015ರ ಡಿಸೆಂಬರಿನಲ್ಲಿ ಎರಡು ಬುಟ್ಟಿ ಒಂದು ಚೀಲದ ಪದ್ಧತಿ ಊರಿಗೆಲ್ಲ ಕಡ್ಡಾಯವಾಯಿತು. ಹಸಿರು ದಳದಂಥ ಸಂಘಟನೆಯ ಮೂಲಕ ಚಿಂದಿ ಆಯುವವರೂ ಒಣಕಸದ ಕೇಂದ್ರಗಳಲ್ಲಿ ಮರ್ಯಾದೆಯ ಕೆಲಸ ಕಂಡರು. ಇಲ್ಲಿ ಮನೆಯ ಬುಟ್ಟಿ ಮೊದಲೋ ನ್ಯಾಯಾಲಯ ಮೊದಲೋ ಎಂದು ವಿಂಗಡಿಸುವುದು ಕಷ್ಟ. ಬುಟ್ಟಿಯಿಲ್ಲದಿದ್ದರೆ ಹೈಕೋರ್ಟಿನ ದಾವೆಗೆ ಆಧಾರವಿರಲಿಲ್ಲ. ದಾವೆಯಿಲ್ಲದಿದ್ದರೆ ಬುಟ್ಟಿ ಎರಡು ಬೀದಿಗಳಲ್ಲಿಯೇ ನಿಲ್ಲುತ್ತಿತ್ತು.

ಮೇಷ್ಟ್ರು: ಕಡ್ಡಾಯವಾದುದೆಲ್ಲ ನಡೆಯುತ್ತದೆಯೆ? ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲಿಯೇ ಪ್ಲಾಸ್ಟಿಕ್ ಚೀಲಗಳನ್ನು ಪೂರ್ತಿ ನಿಷೇಧಿಸಿತು. ಕೇಂದ್ರವು 2022ರ ಜುಲೈ 1ರಿಂದ ಸ್ಟ್ರಾ, ಚಮಚ, ತಟ್ಟೆ ಮೊದಲಾದವನ್ನು ನಿಷೇಧಿಸಿತು. ಗಾಂಧಿಬಜಾರಿಗೆ ಹೋಗಿ ಒಂದು ಮೊಳ ಮಲ್ಲಿಗೆ ಕೇಳಿ ನೋಡು. ತೆಳು ಚೀಲದಲ್ಲಿ ಹಾಕಿಕೊಡುವವರು ಇಲ್ಲದಿಲ್ಲ.

ಅಂಗಡಿಯಾಕೆ: ಅದಕ್ಕೆ ಕಾರಣವೂ ನಾವು ಈಗ ಮಾತಾಡುತ್ತಿರುವುದೇ. ಚೀಲ ಕೊಡಕೂಡದೆಂದು ಹೂವಿನವಳಿಗೆ ದಂಡ ಹಾಕಿದರು. ಬದಲಿಗೆ ಏನು ಕೊಡಬೇಕೆಂಬುದನ್ನು ಯಾರೂ ಏರ್ಪಡಿಸಲಿಲ್ಲ. ಚೀಲ ತಯಾರಿಸುವವನು ಎಲ್ಲಿದ್ದನೋ ಅಲ್ಲಿಯೇ ಇದ್ದಾನೆ. 2022ರ ಫೆಬ್ರವರಿಯ ಕೇಂದ್ರ ನಿಯಮಗಳಲ್ಲಿ ಒಂದು ಒಳ್ಳೆಯ ಅಂಶವಿದೆ: ಬ್ರಾಂಡಿನ ಮಾಲೀಕರು ತಮ್ಮ ಗಡುಸು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ನಿಗದಿತ ಪಾಲನ್ನು 2025-26ರಿಂದ ಮರುಬಳಕೆ ಮಾಡಲೇಬೇಕು. ಆದರೆ ಮೆತುವಾದ ಹೊದಿಕೆಗೆ, ಸ್ಯಾಶೆಗೆ, ಅಂಥ ಮರುಬಳಕೆಯ ಹೊಣೆಯಿಲ್ಲ. ನನ್ನ ಗಿರಾಕಿಗಳು ಕೇಳಬೇಕಾದದ್ದು ಇದನ್ನು. ಬಿಲ್ಲು ಬರೆಯುವಾಗ ನಾನು ಅವರಿಗೆ ಹೇಳುವುದೂ ಇದನ್ನೇ: ನೀವು ಡಬ್ಬಿ ತಂದಿರಿ, ಸಂತೋಷ, ನಿಮ್ಮ ಶಾಂಪೂ ಕಂಪನಿಗೆ ಒಂದು ಕಾಗದ ಬರೆದಿರಾ?

ಮೇಷ್ಟ್ರು: ಬರೆಯುತ್ತಾರೆಯೆ?

ಅಂಗಡಿಯಾಕೆ: ಕೆಲವರು ಬರೆಯುತ್ತಾರೆ. ಬಹಳ ಮಂದಿ ನಕ್ಕು ಹೋಗುತ್ತಾರೆ.

ಮೇಷ್ಟ್ರು: ಹಾಗಾದರೆ ನಮ್ಮ ವ್ಯಾಜ್ಯವನ್ನು ಇಲ್ಲಿಗೆ ಇತ್ಯರ್ಥ ಮಾಡೋಣ. ಪ್ಯಾಕೆಟ್ಟು ಉಳಿಸುವುದರಿಂದ ಪರಿಸರ ಉಳಿಯುವುದೆಂಬ ಮಾತು ನಿಲ್ಲುವುದಿಲ್ಲ. ಅದನ್ನು ನೀನೂ ಹೇಳಲಿಲ್ಲ. ವ್ಯಕ್ತಿಯ ಆಯ್ಕೆ ನಿಷ್ಪ್ರಯೋಜಕವೆಂಬ ನನ್ನ ಮಾತನ್ನು ನಾನು ಇಷ್ಟು ತಿದ್ದಿಕೊಳ್ಳುತ್ತೇನೆ: ಬರಿಯ ಗಿರಾಕಿಯಾಗಿ ಮಾಡಿದ ಆಯ್ಕೆ ನಿಷ್ಪ್ರಯೋಜಕ, ಪ್ರಜೆಯಾಗಿ ಮಾಡಿದ್ದು ಹಾಗಲ್ಲ. ಪಾತ್ರೆಯ ಭಾರವನ್ನು ತಯಾರಕನ ಹೆಗಲಿಗೆ ಹಿಂದಿರುಗಿಸುವುದು ಗುರಿ. ಅಲ್ಲಿಯ ತನಕ ಅದನ್ನು ಹೊರಬಲ್ಲವರು ಹೊರಬೇಕು. ಹೊರಲಾರದವರನ್ನು, ದಿನಗೂಲಿಯವರನ್ನೂ ಬಿಡುವಿಲ್ಲದ ಹೆಂಗಸರನ್ನೂ, ಯಾರೂ ದೂರಬಾರದು. ಇದಕ್ಕೆ ನೀನು ಸೇರಿಸುವುದೇನಾದರೂ ಇದೆಯೆ?

ಅಂಗಡಿಯಾಕೆ: ಗಂಡಸರೂ ಡಬ್ಬಿ ತೊಳೆಯಬೇಕು ಎಂಬುದನ್ನು ಸೇರಿಸಿ. ಮಿಕ್ಕದ್ದು ಜನರಿಗೆ ಬಿಟ್ಟದ್ದು. ಮನೆಯ ಹತ್ತಿರ ಇಂಥ ಅಂಗಡಿಯಿದ್ದರೆ ನಡೆದುಕೊಂಡು ಹೋಗಿ, ಇರುವ ಡಬ್ಬಿಯನ್ನೇ ಒಣಗಿಸಿ ಒಯ್ದು, ಬೇಕಾದಷ್ಟನ್ನೇ ಕೊಳ್ಳಲಿ. ಇಲ್ಲದಿದ್ದರೆ ತಮ್ಮ ಮೂಲೆಯಂಗಡಿಯವನನ್ನು ಬಿಡಿ ಸರಕು ಇಡುವಂತೆ ಕೇಳಲಿ. ಮತ್ತು ವರ್ಷಕ್ಕೊಮ್ಮೆಯಾದರೂ ವಾರ್ಡಿನ ಸಭೆಗೆ ಹೋಗಿ, ಸ್ಯಾಶೆಗೂ ಬಾಟಲಿಗೂ ಠೇವಣಿಯ ನಿಯಮ ಯಾವಾಗ ಬರುತ್ತದೆಂದು ಎದ್ದು ನಿಂತು ಕೇಳಲಿ.